ಒಂದು ವೋಲ್ಟಿಗೆ ಒಂದು ಸ್ಥಾಯಿ: ಮನೆಯಲ್ಲಿ ಕಟ್ಟಿದ ಆಸಿಲೇಟರಿಗೆ ಶ್ರುತಿ ಸೇರಿಸುವ ಬಗೆ

ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯವಾದ ಅನಲಾಗ್ ಸಿಂಥಸೈಜರನ್ನು ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟುತ್ತಿರುವ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲ ಪತ್ರಗಳೂ ನಾದವನ್ನು ಹುಟ್ಟಿಸುವ ಘಟಕವಾದ ವೋಲ್ಟೇಜ್ ನಿಯಂತ್ರಿತ ಆಸಿಲೇಟರನ್ನೇ ಕುರಿತಿವೆ. ಅದನ್ನು ಕಟ್ಟುವುದು ಎರಡು ದಿನದ ಕೆಲಸ. ಅದು ಶ್ರುತಿಯಲ್ಲಿ ನಿಲ್ಲುವಂತೆ ಮಾಡುವುದಕ್ಕೆ ಮಾತ್ರ ಹೆಚ್ಚಿನ ತಾಳ್ಮೆ ಬೇಕು. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡನೆಯ ಭಾಗದವೇ ಆಗಿವೆ.

ಪ್ರಶ್ನೆ: ಮಾನ್ಯರೇ, ನಾನು ಹಾಸನದ ಡಿಪ್ಲೊಮಾ ವಿದ್ಯಾರ್ಥಿ. ಗರಗಸ ಅಲೆಯ ಆಸಿಲೇಟರೊಂದನ್ನು ಕಟ್ಟಿದ್ದೇನೆ. ಘಾತೀಯ ಪರಿವರ್ತಕಕ್ಕೆ (ವೋಲ್ಟೇಜಿನ ಏರಿಕೆಯನ್ನು ಆವೃತ್ತಿಯ ಗುಣಾಕಾರವಾಗಿಸುವ ಭಾಗಕ್ಕೆ) ಎರಡು ಬಿಸಿ547 ಟ್ರಾನ್ಸಿಸ್ಟರುಗಳನ್ನು ಮುಖಕ್ಕೆ ಮುಖ ಅಂಟಿಸಿ ಬಳಸಿದ್ದೇನೆ. ರಾತ್ರಿ ಕೋಣೆಯಲ್ಲಿ 22 ಡಿಗ್ರಿ ಇದ್ದಾಗ 1 ವೋಲ್ಟಿಗೆ 110 ಹರ್ಟ್ಸ್, 3 ವೋಲ್ಟಿಗೆ ಸರಿಯಾಗಿ 440 ಹರ್ಟ್ಸ್ ಬರುವಂತೆ ಹೊಂದಿಸಿದೆ. ಮರುದಿನ ಮಧ್ಯಾಹ್ನ 30 ಡಿಗ್ರಿಯಲ್ಲಿ ಕೆಳಗಿನ ಸ್ವರವನ್ನು ಮತ್ತೆ 110ಕ್ಕೆ ತಂದರೂ ಮೇಲಿನದು 424ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಸುಗೆಯನ್ನೆಲ್ಲ ಮತ್ತೊಮ್ಮೆ ಹಾಕಿದರೂ ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಬೆಸುಗೆಯಲ್ಲಿ ತಪ್ಪಿಲ್ಲ. ನೀವು ಬರೆದಿರುವ ಅಂಕಿಗಳೇ ಕಾರಣವನ್ನು ಹೇಳುತ್ತಿವೆ, ಮತ್ತು ಕೋಣೆಯ ಉಷ್ಣಾಂಶವನ್ನು ಕೂಡ ಬರೆದಿಟ್ಟದ್ದಕ್ಕೆ ನಿಮ್ಮನ್ನು ಮೆಚ್ಚಬೇಕು. ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲ.

ಸ್ಥಾಯಿಯೊಂದು ಮೇಲೇರಿದರೆ ಆವೃತ್ತಿ ಇಮ್ಮಡಿಯಾಗುತ್ತದೆ. ಆದುದರಿಂದ ವೋಲ್ಟೇಜು ಒಂದೊಂದೇ ಮೆಟ್ಟಿಲು ಕೂಡುತ್ತಾ ಹೋದಂತೆ ಆವೃತ್ತಿಯು ಗುಣಿಸುತ್ತಾ ಹೋಗಬೇಕು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೂಗ್ ಅವರು ಸಂಗೀತ ರಚನಕಾರ ಹರ್ಬರ್ಟ್ ಡಾಯ್ಚ್ ಅವರ ಜೊತೆಗೂಡಿ ತಮ್ಮ ಮೊದಲ ಸಿಂಥಸೈಜರ್ ಘಟಕಗಳನ್ನು ರೂಪಿಸಿದರು. ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬ ಅವರ ಅಳತೆಯೇ ಮುಂದೆ ಬಹುಪಾಲು ವಾದ್ಯಗಳ ರೂಢಿಯಾಯಿತು. ಈ ಗುಣಾಕಾರವನ್ನು ಮಾಡಿಕೊಡುವುದು ಟ್ರಾನ್ಸಿಸ್ಟರಿನ ಸಹಜ ಗುಣವೇ. ಅದರ ಬೇಸ್ ಮತ್ತು ಎಮಿಟರುಗಳ ನಡುವಿನ ವೋಲ್ಟೇಜು ಸುಮಾರು 18 ಮಿಲಿವೋಲ್ಟಿನಷ್ಟು ಏರಿದರೆ ಕಲೆಕ್ಟರಿನ ವಿದ್ಯುತ್ಪ್ರವಾಹ ಇಮ್ಮಡಿಯಾಗುತ್ತದೆ, ಆ ಪ್ರವಾಹವು ಕೆಪ್ಯಾಸಿಟರನ್ನು ಇಮ್ಮಡಿ ವೇಗದಲ್ಲಿ ತುಂಬುತ್ತದೆ, ಸ್ವರವು ಒಂದು ಸ್ಥಾಯಿ ಏರುತ್ತದೆ.

ಆದರೆ ಉಷ್ಣಾಂಶವು ಈ ಟ್ರಾನ್ಸಿಸ್ಟರನ್ನು ಎರಡು ಬೇರೆ ಬೇರೆ ದಾರಿಗಳಲ್ಲಿ ಕದಲಿಸುತ್ತದೆ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ. ಮೊದಲನೆಯದು, ಅದೇ ಪ್ರವಾಹಕ್ಕೆ ಬೇಕಾಗುವ ಬೇಸ್ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಒಂದು ಸ್ಥಾಯಿಗೆ 18 ಮಿಲಿವೋಲ್ಟ್ ಎಂದಮೇಲೆ, ಒಂದೇ ಡಿಗ್ರಿಗೆ ಸ್ವರವು ಅರೆಸ್ವರಕ್ಕಿಂತಲೂ ಹೆಚ್ಚು ಜಾರಿತೆಂದೇ ಲೆಕ್ಕ. ಜೋಡಿ ಟ್ರಾನ್ಸಿಸ್ಟರನ್ನು ಬಳಸುವುದು ಇದನ್ನು ಕಳೆಯುವುದಕ್ಕಾಗಿ: ಎರಡೂ ಒಂದೇ ಸಮನೆ ಜಾರುತ್ತವೆ, ನಮಗೆ ಬೇಕಾದದ್ದು ಅವುಗಳ ವ್ಯತ್ಯಾಸ ಮಾತ್ರ. ನೀವು ಇದನ್ನು ಆಗಲೇ ಮಾಡಿದ್ದೀರಿ.

ಎರಡನೆಯದನ್ನು ಜೋಡಿಯು ಕಳೆಯಲಾರದು. 18 ಮಿಲಿವೋಲ್ಟ್ ಎಂಬ ಆ ಅಳತೆಯೇ ನಿರಪೇಕ್ಷ ಉಷ್ಣಾಂಶಕ್ಕೆ ಅನುಗುಣವಾಗಿ ಹಿಗ್ಗುತ್ತದೆ. 22 ಡಿಗ್ರಿ ಎಂದರೆ 295 ಕೆಲ್ವಿನ್, 30 ಎಂದರೆ 303. ರಾತ್ರಿ ಸರಿಯಾಗಿ ಎರಡು ಸ್ಥಾಯಿ ಇದ್ದ ಅಂತರವು ಮಧ್ಯಾಹ್ನ 303ರಲ್ಲಿ 295 ಪಾಲಿಗೆ ಕುಗ್ಗಿ, 1.947 ಸ್ಥಾಯಿಯಾಗುತ್ತದೆ. 110 ಹರ್ಟ್ಸಿನಿಂದ ಅಷ್ಟು ಮೇಲೇರಿದರೆ ಸಿಗುವುದು 424 ಹರ್ಟ್ಸ್, ಎಂದರೆ ನಿಮ್ಮ ಪತ್ರದಲ್ಲಿರುವ ಅಂಕಿಯೇ. ಅಂತರಗಳು ಬಿಸಿಲಿನಲ್ಲಿ ಕುಗ್ಗಿ ಚಳಿಯಲ್ಲಿ ಹಿಗ್ಗುತ್ತಿವೆ; ನಿಮ್ಮ ಮಂಡಲವು ಭೌತಶಾಸ್ತ್ರದ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

ಪರಿಹಾರವೆಂದರೆ ಉಷ್ಣಾಂಶ ಏರಿದಷ್ಟೇ ಪ್ರಮಾಣದಲ್ಲಿ ನಿಯಂತ್ರಣ ವೋಲ್ಟೇಜನ್ನೂ ಹಿಗ್ಗಿಸುವುದು. ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3300 ಪಾಲು ಏರುವ ವಿಶೇಷ ರೆಸಿಸ್ಟರನ್ನು ಒಂದು ವೋಲ್ಟನ್ನು ಆ 18 ಮಿಲಿವೋಲ್ಟಿಗೆ ತಗ್ಗಿಸುವ ವಿಭಾಜಕದ ಕೆಳಗಿನ ಕಾಲಿಗೆ ಹಾಕುವುದು ಹಳೆಯ ಪದ್ಧತಿ. ಇದಕ್ಕೆ ಟೆಂಪ್ಕೋ ಎನ್ನುತ್ತಾರೆ. ಅದು ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಬದಲಿಗೆ ಕಾರ್ಖಾನೆಗಳಲ್ಲಿ ಉಷ್ಣಾಂಶ ಅಳೆಯಲು ಬಳಸುವ ಪಿಟಿ1000 ಎಂಬ ಪ್ಲಾಟಿನಂ ಸಂವೇದಕವನ್ನು ಬಳಸಬಹುದು. ಅದು 25 ಡಿಗ್ರಿಯಲ್ಲಿ ಸುಮಾರು 1097 ಓಮ್ ಇದ್ದು, ಬೇಕಾದದ್ದಕ್ಕಿಂತ ತುಸು ವೇಗವಾಗಿ ಏರುತ್ತದೆ. 47 ಓಮಿನ ಸಾಮಾನ್ಯ ಮೆಟಲ್ ಫಿಲ್ಮ್ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿದರೆ ಆ ವೇಗ ಹದಕ್ಕೆ ಬರುತ್ತದೆ. ಒಂದು ವೋಲ್ಟಿಗೆ ಒಂದು ವೋಲ್ಟನ್ನೇ ಕೊಡುವ ಕೂಡಿಕೆಯ ಆಪ್-ಆಂಪಿನ (ವೋಲ್ಟೇಜುಗಳನ್ನು ಕೂಡಿಸುವ ವರ್ಧಕ ಐಸಿಯ) ಮುಂದೆ ಇದನ್ನಿಟ್ಟರೆ ಮೇಲಿನ ಕಾಲಿಗೆ ಸುಮಾರು 63 ಕಿಲೋ ಓಮ್ ಬೇಕಾಗುತ್ತದೆ. 56 ಕಿಲೋ ಓಮಿನ ರೆಸಿಸ್ಟರಿಗೆ 10 ಕಿಲೋ ಓಮಿನ ಹಲವು ಸುತ್ತಿನ ಟ್ರಿಮ್‌ಪಾಟ್ (ತಿರುಗಿಸಿ ರೋಧವನ್ನು ಬದಲಿಸುವ ಸಣ್ಣ ರೆಸಿಸ್ಟರ್) ಸೇರಿಸಿದರೆ ಸಾಕು. ಸಂವೇದಕವು ಟ್ರಾನ್ಸಿಸ್ಟರ್ ಜೋಡಿಗೆ ಮೈತಾಗಿಸಿಕೊಂಡೇ ಇರಬೇಕು. ನಡುವೆ ಶಾಖವಾಹಕ ಲೇಪವನ್ನು ಹಚ್ಚಿ, ಮೂರನ್ನೂ ಒಟ್ಟಿಗೆ ಕಟ್ಟಿ, ಮೇಲೊಂದು ಫೋಮಿನ ತುಂಡನ್ನು ಹೊದಿಸಿ ಫ್ಯಾನಿನ ಗಾಳಿ ತಾಗದಂತೆ ಮಾಡಿರಿ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಕುಳಿತ ಸಂವೇದಕವು ಆ ಮೂಲೆಯ ಉಷ್ಣಾಂಶವನ್ನಷ್ಟೇ ಅಳೆಯುತ್ತದೆ.

ಟ್ರಾನ್ಸಿಸ್ಟರುಗಳನ್ನು ಆರಿಸುವ ವಿಷಯದಲ್ಲೂ ಒಂದು ಮಾತು ಹೇಳಬೇಕು. ನೂರು ಬಿಸಿ547ಗಳನ್ನು ಅಳೆದು, ಅತ್ಯಂತ ಹತ್ತಿರದ ಎರಡನ್ನು ಹುಡುಕಲು ಹಲವರು ಇಡೀ ಭಾನುವಾರವನ್ನು ಕಳೆಯುತ್ತಾರೆ. ಜೋಡಿಯ ನಡುವೆ ಎರಡು ಮಿಲಿವೋಲ್ಟ್ ವ್ಯತ್ಯಾಸ ಉಳಿದರೂ ಅದು ಸ್ವರದ ನೆಲೆಯನ್ನು ಒಂದೇ ಪ್ರಮಾಣದಲ್ಲಿ ಸರಿಸುತ್ತದೆ, ಮತ್ತು ಅದನ್ನು ಸ್ವರ ಹೊಂದಿಸುವ ಗುಬ್ಬಿಯಿಂದಲೇ ತಿದ್ದಬಹುದು. ಎರಡೂ ಒಂದೇ ಬಿಸಿಯಲ್ಲಿರುವುದು ಅದಕ್ಕಿಂತ ಎಷ್ಟೋ ಪಾಲು ಮುಖ್ಯ. ಶ್ರಮವನ್ನು ಅಂಟಿಸುವುದರ ಮೇಲೆ ಹಾಕಿರಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಆಸಿಲೇಟರಿಗೆ ಶ್ರುತಿ ಸೇರಿಸಲು ನನ್ನ ಬಳಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಮೊಬೈಲಿನಲ್ಲಿರುವ ಟ್ಯೂನರ್ ಮಾತ್ರ ಇವೆ. ಟ್ರಿಮ್‌ಪಾಟನ್ನು ತಿರುಗಿಸಿ ಮೇಲಿನ ಸ್ವರವನ್ನು ಸರಿಪಡಿಸಿದರೆ ಕೆಳಗಿನದು ತಪ್ಪುತ್ತದೆ, ಕೆಳಗಿನದನ್ನು ಸರಿಪಡಿಸಿದರೆ ಮೇಲಿನದು ತಪ್ಪುತ್ತದೆ. ಮೂರು ಸಂಜೆಗಳು ಹೀಗೆಯೇ ಕಳೆದವು. ಕ್ರಮವನ್ನು ದಯವಿಟ್ಟು ವಿವರವಾಗಿ ತಿಳಿಸಿ. (ಧಾರವಾಡದಿಂದ)

ಉತ್ತರ: ಇಲ್ಲಿ ಎರಡು ಹೊಂದಾಣಿಕೆಗಳಿವೆ. ಒಂದು, ಸ್ವರವು ಎಲ್ಲಿ ಕುಳಿತಿದೆ ಎಂಬ ನೆಲೆ. ಇನ್ನೊಂದು, ಒಂದು ವೋಲ್ಟಿಗೆ ಎಷ್ಟು ಅಂತರ ಸಿಗುತ್ತದೆ ಎಂಬ ಅಳತೆ. ಅಳತೆಯ ಟ್ರಿಮ್‌ಪಾಟನ್ನು ತಿರುಗಿಸಿದಾಗ ನೆಲೆಯೂ ಜೊತೆಯಲ್ಲಿ ಸರಿಯುತ್ತದೆ. ನೀವು ಆ ಟ್ರಿಮ್‌ಪಾಟಿನಿಂದ ಸ್ವರವನ್ನು ಹಿಡಿಯಲು ಪ್ರಯತ್ನಿಸುತ್ತಿದ್ದೀರಿ. ಅದರಿಂದ ಹಿಡಿಯಬೇಕಾದದ್ದು ಎರಡು ಸ್ವರಗಳ ನಡುವಿನ ಅಂತರವನ್ನು ಮಾತ್ರ.

ಮೊದಲು ಉಪಕರಣಗಳ ಮಿತಿಯನ್ನು ಅರಿತುಕೊಳ್ಳೋಣ. ಒಂದು ಸ್ಥಾಯಿಯಲ್ಲಿ 1200 ಸೆಂಟ್‌ಗಳಿವೆ. ಹಾಗಾಗಿ ಒಂದು ಸೆಂಟ್ ಎಂದರೆ 0.83 ಮಿಲಿವೋಲ್ಟ್. 1999ರವರೆಗೆ ಎಣಿಸುವ ಸಾಧಾರಣ ಮೀಟರು 20 ವೋಲ್ಟಿನ ಶ್ರೇಣಿಯಲ್ಲಿ 10 ಮಿಲಿವೋಲ್ಟಿಗಿಂತ ಸೂಕ್ಷ್ಮವಾದದ್ದನ್ನು ತೋರಿಸಲಾರದು, ಎಂದರೆ 12 ಸೆಂಟ್‌ಗಳಷ್ಟು ಕುರುಡು. 2 ವೋಲ್ಟಿನ ಶ್ರೇಣಿಯಲ್ಲಿ ಅದೇ ಮೀಟರು 1 ಮಿಲಿವೋಲ್ಟನ್ನು ತೋರಿಸುತ್ತದೆ. ಇನ್ನು ಆವೃತ್ತಿಯನ್ನು ಒಂದೊಂದು ಹರ್ಟ್ಸ್ ಎಣಿಸಿ ತೋರಿಸುವ ಮೀಟರು 110 ಹರ್ಟ್ಸಿನಲ್ಲಿ ಸುಮಾರು 16 ಸೆಂಟ್‌ಗಳಷ್ಟು ತಪ್ಪಬಹುದು. ಆ ಕೆಲಸಕ್ಕೆ ನಿಮ್ಮ ಮೊಬೈಲಿನ ಟ್ಯೂನರೇ ಉತ್ತಮ. ಗರಗಸ ಅಲೆಯಲ್ಲಿ ಅನುಸ್ವರಗಳು (ಹಾರ್ಮೋನಿಕ್ಸ್) ತುಂಬಿರುವುದರಿಂದ ಟ್ಯೂನರು ಕೆಲವೊಮ್ಮೆ ಬೇರೆ ಸ್ಥಾಯಿಯನ್ನು ತೋರಿಸಿ ದಾರಿ ತಪ್ಪಿಸುತ್ತದೆ. ತ್ರಿಕೋನ ಅಲೆ ಇದ್ದರೆ ಅದನ್ನೇ ಕೊಡಿರಿ.

ಹೀಗಾಗಿ ಗುಬ್ಬಿ ತಿರುಗಿಸಿ, ಮೀಟರು ನೋಡಿ, 1 ವೋಲ್ಟ್, 2 ವೋಲ್ಟ್ ಎಂದು ಹೊಂದಿಸುವುದನ್ನು ಬಿಡಿ. ಆರ್‌ಇಎಫ್02 ಎಂಬ 5 ವೋಲ್ಟಿನ ಆಧಾರ ಐಸಿಯೊಂದನ್ನು ತಂದು, ಅದರ ಮೇಲೆ 0.1 ಶೇಕಡಾ ನಿಖರತೆಯ 1 ಕಿಲೋ ಓಮಿನ ಐದು ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸಿರಿ. ಐದು ಮೆಟ್ಟಿಲಿಗೆ ಐದು ವೋಲ್ಟುಗಳು ಸಿಗುತ್ತವೆ. ಆದರೆ ಆ ಮೆಟ್ಟಿಲಿನಿಂದ ನೇರವಾಗಿ ಆಸಿಲೇಟರಿಗೆ ತಂತಿ ಎಳೆಯಬಾರದು. ನಡುವಿನ ಮೆಟ್ಟಿಲಿನ ಒಳರೋಧ 1.2 ಕಿಲೋ ಓಮಿನಷ್ಟಿದೆ, ಆಸಿಲೇಟರಿನ ಒಳದಾರಿಯ (ಇನ್‌ಪುಟ್‌ನ) ರೋಧ ಸಾಮಾನ್ಯವಾಗಿ 100 ಕಿಲೋ ಓಮ್. ಇವೆರಡರ ನಡುವೆ 2 ವೋಲ್ಟಿನಲ್ಲಿ ಸುಮಾರು 24 ಮಿಲಿವೋಲ್ಟ್ ಕಳೆದುಹೋಗುತ್ತದೆ, ಎಂದರೆ 28 ಸೆಂಟ್. ನಡುವೆ ಒಂದು ಆಪ್-ಆಂಪನ್ನು, ಏಣಿಗೆ ಹೊರೆ ತಾಗದಂತೆ ತಡೆಯುವ ಬಫರ್ ಆಗಿ ಇಡಿರಿ. ಬಫರಿನದೇ ಒಂದೆರಡು ಮಿಲಿವೋಲ್ಟ್ ದೋಷವಿದ್ದರೂ ಅದು ಎಲ್ಲ ಮೆಟ್ಟಿಲುಗಳಿಗೂ ಸಮನಾಗಿ ಸೇರುವುದರಿಂದ ಅಂತರಗಳನ್ನು ಕೆಡಿಸುವುದಿಲ್ಲ.

ಇನ್ನು ಕ್ರಮ. ಘಟಕಕ್ಕೆ ವಿದ್ಯುತ್ ಕೊಟ್ಟು, ಅದು ಇರಬೇಕಾದ ಪೆಟ್ಟಿಗೆಯೊಳಗೇ ಇಟ್ಟು, ಅರ್ಧ ಗಂಟೆ ಮುಟ್ಟದೆ ಬಿಡಿರಿ. ಬೆಸುಗೆ ಹಾಕಿದ ಕೂಡಲೇ ಅಥವಾ ಟ್ರಾನ್ಸಿಸ್ಟರನ್ನು ಬೆರಳಿನಿಂದ ಮುಟ್ಟಿದ ಕೂಡಲೇ ಅಳೆಯುವುದು ವ್ಯರ್ಥ. ಬಳಿಕ 1 ವೋಲ್ಟ್ ಕೊಟ್ಟು, ನೆಲೆಯ ಗುಬ್ಬಿಯಿಂದ 110 ಹರ್ಟ್ಸಿಗೆ ತನ್ನಿರಿ. 3 ವೋಲ್ಟಿಗೆ ಬದಲಿಸಿ ಕೇಳಿರಿ. ಅಲ್ಲಿ 440ರ ಬದಲು 452 ಬಂದಿತೆನ್ನಿ: ಎರಡು ಸ್ಥಾಯಿಗೆ 47 ಸೆಂಟ್ ಹೆಚ್ಚಾಗಿದೆ, ಎಂದರೆ ಅಳತೆ ಸುಮಾರು ಶೇಕಡಾ 2ರಷ್ಟು ದೊಡ್ಡದು. ಟ್ರಿಮ್‌ಪಾಟನ್ನು ರೋಧ ಹೆಚ್ಚುವ ದಿಕ್ಕಿಗೆ ಸ್ವಲ್ಪ ತಿರುಗಿಸಿ, 3 ವೋಲ್ಟಿನ ಸ್ವರ ಎಲ್ಲಿಗೆ ಹೋಯಿತೆಂದು ನೋಡುತ್ತಾ ಕೂರದೆ, ಮತ್ತೆ 1 ವೋಲ್ಟಿಗೆ ಬಂದು ನೆಲೆಯ ಗುಬ್ಬಿಯಿಂದ 110ಕ್ಕೆ ಸೇರಿಸಿ, ಆಮೇಲೆ 3 ವೋಲ್ಟನ್ನು ನೋಡಿರಿ. 452 ಇದ್ದದ್ದು 446 ಆಗಿದ್ದರೆ ದಿಕ್ಕು ಸರಿಯಾಗಿದೆ, ಅರ್ಧ ದಾರಿ ಬಂದಿದ್ದೀರಿ. ನಾಲ್ಕೈದು ಸುತ್ತುಗಳಲ್ಲಿ ಅದು 440ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೂರು ಸಂಜೆಗಳು ಹೋದದ್ದು ಈ ನಡುವಿನ ಒಂದು ಹೆಜ್ಜೆಯನ್ನು, ಅಂದರೆ ಪ್ರತಿ ಸಲವೂ ಕೆಳಗಿನ ಸ್ವರಕ್ಕೆ ಹಿಂತಿರುಗುವುದನ್ನು, ಬಿಟ್ಟದ್ದರಿಂದ.

ಕೊನೆಯ ಕೆಲವು ಸೆಂಟ್‌ಗಳಿಗೆ ಕಣ್ಣಿಗಿಂತ ಕಿವಿಯೇ ನಂಬಿಕಸ್ತ. ಮೊಬೈಲಿನಿಂದ 440 ಹರ್ಟ್ಸಿನ ಸ್ಥಿರ ನಾದವನ್ನು ನುಡಿಸಿ, ಆಸಿಲೇಟರಿನ ನಾದವನ್ನು ಅದರ ಜೊತೆ ಕೇಳಿರಿ. ತಂಬೂರಿಯ ಎರಡು ಸಾರಣೆ ತಂತಿಗಳು ಪೂರ್ತಿ ಕೂಡದಿದ್ದಾಗ ನಾದವು ಅಲೆಅಲೆಯಾಗಿ ತೂಗುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಸೆಕೆಂಡಿಗೆ ಒಂದು ತೂಗು ಇದ್ದರೆ 440ರಲ್ಲಿ 4 ಸೆಂಟ್ ವ್ಯತ್ಯಾಸ. ನಾಲ್ಕು ಸೆಕೆಂಡಿಗೆ ಒಂದು ತೂಗಾದರೆ ಒಂದು ಸೆಂಟ್. ಅಲ್ಲಿಗೆ ನಿಲ್ಲಿಸಬಹುದು.

ಇಷ್ಟಾದ ಮೇಲೆ 5 ವೋಲ್ಟಿಗೆ 1760 ಮತ್ತು ಸಾಧ್ಯವಿದ್ದರೆ 6 ವೋಲ್ಟಿಗೆ 3520 ಹರ್ಟ್ಸ್ ಬರುತ್ತದೆಯೇ ನೋಡಿರಿ. ಮೇಲ್ಭಾಗದಲ್ಲಿ ಮಾತ್ರ ಸ್ವರ ತಗ್ಗಿದ್ದರೆ ಅದು ಅಳತೆಯ ದೋಷವಲ್ಲ. ಗರಗಸ ಅಲೆಯ ಪ್ರತಿ ಹಲ್ಲಿನ ಕೊನೆಯಲ್ಲೂ ಕೆಪ್ಯಾಸಿಟರನ್ನು ಖಾಲಿ ಮಾಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತು 1 ಮೈಕ್ರೋಸೆಕೆಂಡ್ ಎನ್ನಿ. 440 ಹರ್ಟ್ಸಿನಲ್ಲಿ ಅದು ಒಂದು ಸೆಂಟಿಗಿಂತಲೂ ಕಡಿಮೆ, 3520ರಲ್ಲಿ ಆರು ಸೆಂಟ್. ಇದನ್ನು ಅಳತೆಯ ಟ್ರಿಮ್‌ಪಾಟಿನಿಂದ ತಿದ್ದಲು ಹೋದರೆ ಮಧ್ಯ ಸ್ಥಾಯಿ ಕೆಡುತ್ತದೆ. ಸರ್ಜಿಯೊ ಫ್ರಾಂಕೊ ಅವರ ಹೆಸರಿನಲ್ಲಿ ಕರೆಯುವ ಸರಳ ಉಪಾಯವೊಂದಿದೆ: ಖಾಲಿ ಮಾಡುವ ಸ್ವಿಚ್ಚಿನ ದಾರಿಗೆ ಅಡ್ಡ ಬಾರದಂತೆ, ಕೆಪ್ಯಾಸಿಟರಿಗೆ ಸರಣಿಯಲ್ಲಿ ಒಂದು ರೆಸಿಸ್ಟರನ್ನು ಇಡುವುದು. ಪ್ರವಾಹ ಹೆಚ್ಚಿದಷ್ಟೂ ಅದರ ಮೇಲಿನ ವೋಲ್ಟೇಜು ಹೆಚ್ಚಿ, ಹೋಲಿಕೆಯ ಮಂಡಲವು (ಹಲ್ಲು ಮಿತಿ ಮುಟ್ಟಿತೇ ಎಂದು ನೋಡುವ ಕಂಪ್ಯಾರೇಟರ್) ಅಷ್ಟು ಬೇಗ ತಿರುಗುತ್ತದೆ; ಕಳೆದ ಹೊತ್ತು ಮರಳಿ ಸಿಗುತ್ತದೆ. ಬೇಕಾದ ಬೆಲೆಯು ಆ ಹೊತ್ತನ್ನು ಕೆಪ್ಯಾಸಿಟರಿನ ಬೆಲೆಯಿಂದ ಭಾಗಿಸಿದಷ್ಟು: 1 ಮೈಕ್ರೋಸೆಕೆಂಡನ್ನು 1 ನ್ಯಾನೋಫ್ಯಾರಡಿನಿಂದ ಭಾಗಿಸಿದರೆ 1 ಕಿಲೋ ಓಮ್. 2 ಕಿಲೋ ಓಮಿನ ಟ್ರಿಮ್‌ಪಾಟನ್ನು ಅಲ್ಲಿಟ್ಟು, ಎಲ್ಲಕ್ಕಿಂತ ಕೊನೆಗೆ ಅದನ್ನು ತಿರುಗಿಸಿರಿ.

ಪ್ರಶ್ನೆ: ನನ್ನ ಆಸಿಲೇಟರು 200 ಹರ್ಟ್ಸಿನ ಮೇಲೆ ಚೆನ್ನಾಗಿಯೇ ಇದೆ. ಕೆಳಗಿನ ಸ್ವರಗಳಲ್ಲಿ ಮಾತ್ರ ಅಳತೆ ಪೂರ್ತಿ ತಪ್ಪುತ್ತದೆ, ಮಳೆಯ ದಿನಗಳಲ್ಲಿ ಇನ್ನೂ ಹೆಚ್ಚು. ಅಂಗಡಿಯಲ್ಲಿ ಟಿಎಲ್072 ಆಪ್-ಆಂಪ್ ಇಲ್ಲದ್ದರಿಂದ ಎಲ್‌ಎಂ358 ಹಾಕಿದ್ದೇನೆ. ಕಾಲುಗಳ ಜೋಡಣೆ ಒಂದೇ ಆಗಿದೆಯಲ್ಲ? (ಮೈಸೂರಿನಿಂದ)

ಉತ್ತರ: ಕಾಲುಗಳ ಜೋಡಣೆ ಒಂದೇ, ಒಳಗಿನ ಸ್ವಭಾವ ಬೇರೆ. 1 ನ್ಯಾನೋಫ್ಯಾರಡಿನ ಕೆಪ್ಯಾಸಿಟರು, 5 ವೋಲ್ಟಿನ ಹಲ್ಲು ಎಂದು ಲೆಕ್ಕ ಹಾಕಿದರೆ 440 ಹರ್ಟ್ಸಿಗೆ ಬೇಕಾಗುವ ಪ್ರವಾಹ ಕೇವಲ 2.2 ಮೈಕ್ರೋಆಂಪಿಯರ್. 20 ಹರ್ಟ್ಸಿಗೆ ಅದು 100 ನ್ಯಾನೋಆಂಪಿಯರಿಗೆ ಇಳಿಯುತ್ತದೆ. ಎಲ್‌ಎಂ358 ತನ್ನ ಒಳಗಾಲಿನಲ್ಲಿಯೇ (ಇನ್‌ಪುಟ್ ಕಾಲಿನಲ್ಲಿಯೇ) ಹತ್ತಾರು ನ್ಯಾನೋಆಂಪಿಯರನ್ನು ಹರಿಸುತ್ತದೆ. ಕೆಳಗಿನ ಸ್ವರದಲ್ಲಿ ಅದು ನಿಮ್ಮ ಪ್ರವಾಹದ ದೊಡ್ಡ ಪಾಲೇ ಆಗಿಬಿಡುತ್ತದೆ. ಟಿಎಲ್072ರ ಒಳಗಾಲಿನಲ್ಲಿರುವುದು ಜೆಎಫ್‌ಇಟಿ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರು. ಅದರ ಪ್ರವಾಹವನ್ನು ಪಿಕೋಆಂಪಿಯರುಗಳಲ್ಲಿ ಎಣಿಸುತ್ತಾರೆ. ಕೆಪ್ಯಾಸಿಟರಿಗೆ ತಾಗಿದ ಆಪ್-ಆಂಪು ಆ ಬಗೆಯದೇ ಆಗಿರಬೇಕು. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಮಳೆಯ ದಿನ ಹೆಚ್ಚು ತಪ್ಪುತ್ತದೆ ಎಂದು ನೀವು ಬರೆದಿರುವುದರಿಂದ ಇನ್ನೊಂದು ಕಾರಣವೂ ಜೊತೆಗಿರಬೇಕು. ಬೆಸುಗೆಯ ಬಳಿಕ ಬೋರ್ಡಿನ ಮೇಲೆ ಉಳಿಯುವ ಫ್ಲಕ್ಸು ತೇವವನ್ನು ಹೀರಿ ಸಣ್ಣಗೆ ವಿದ್ಯುತ್ತನ್ನು ಸೋರಿಸುತ್ತದೆ. 100ರಲ್ಲಿ ಒಂದೇ ನ್ಯಾನೋಆಂಪಿಯರ್ ಸೋರಿದರೂ 17 ಸೆಂಟ್ ವ್ಯತ್ಯಾಸವಾಗುತ್ತದೆ. ಕೆಪ್ಯಾಸಿಟರು, ಟ್ರಾನ್ಸಿಸ್ಟರ್ ಜೋಡಿ ಮತ್ತು ಆಪ್-ಆಂಪಿನ ಒಳಗಾಲು ಇರುವ ಜಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಚೆನ್ನಾಗಿ ತೊಳೆದು ಒಣಗಿಸಿರಿ. ನಾನು ಕಟ್ಟಿದ ಮೊದಲ ಆಸಿಲೇಟರು ಒಂದು ಇಡೀ ಮಳೆಗಾಲ ಶ್ರುತಿಗೆ ಬರದೆ, ಹೀಗೆ ತೊಳೆದ ದಿನವೇ ಸರಿಹೋಯಿತು. ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ ಶ್ರುತಿಯನ್ನು ನಿರೀಕ್ಷಿಸುವುದೂ ಸಲ್ಲದು. ಅದರ ಪಕ್ಕಪಕ್ಕದ ಸಾಲುಗಳ ನಡುವೆಯೇ ಕೆಲವು ಪಿಕೋಫ್ಯಾರಡ್ ಅಡಗಿರುತ್ತವೆ.

ಕೆಪ್ಯಾಸಿಟರಿನ ಜಾತಿಯನ್ನೂ ನೋಡಿಕೊಳ್ಳಿ. ಪಾಲಿಸ್ಟೈರೀನ್ ಅಥವಾ ಸಿ0ಜಿ ಎಂದು ಗುರುತಿಸಿದ ಸೆರಾಮಿಕ್ ಆಗಬೇಕು. ಎಕ್ಸ್7ಆರ್ ಜಾತಿಯ ಸೆರಾಮಿಕ್ಕು ಬಿಸಿಗೂ ವೋಲ್ಟೇಜಿಗೂ ತನ್ನ ಬೆಲೆಯನ್ನು ಬದಲಿಸುವುದರಿಂದ ಇಲ್ಲಿ ಕೂಡದು.

ಪ್ರಶ್ನೆ: ಒಂದು ಕೀಬೋರ್ಡಿನಿಂದ ಎರಡು ಆಸಿಲೇಟರುಗಳನ್ನು ನುಡಿಸಿದರೆ, ಒಂಟಿಯಾಗಿದ್ದಾಗ ಸರಿಯಿದ್ದ ಶ್ರುತಿ ಕೆಡುತ್ತದೆ. ಅಲ್ಲದೆ ಎರಡನ್ನೂ ಒಂದೇ ಸ್ವರದ ಹತ್ತಿರ ತಂದಾಗ ಅವು ನಿಧಾನವಾಗಿ ತೂಗುವ ಬದಲು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. (ಬೆಂಗಳೂರಿನಿಂದ)

ಉತ್ತರ: ಎರಡೂ ಬೇರೆ ಬೇರೆ ತೊಂದರೆಗಳು. ಮೊದಲನೆಯದು ಹೊರೆಯ ವಿಷಯ. ಕೀಬೋರ್ಡಿನ ಹೊರದಾರಿಯಲ್ಲಿ ರಕ್ಷಣೆಗಾಗಿ 1 ಕಿಲೋ ಓಮಿನ ರೆಸಿಸ್ಟರು ಇರುವುದು ಸಾಮಾನ್ಯ. 100 ಕಿಲೋ ಓಮಿನ ಒಂದು ಆಸಿಲೇಟರು ಜೋಡಿಸಿದಾಗ ಶೇಕಡಾ 1ರಷ್ಟು ವೋಲ್ಟೇಜು ಕಳೆಯುತ್ತದೆ, ಮತ್ತು ನೀವು ಅದನ್ನೂ ಸೇರಿಸಿಕೊಂಡೇ ಟ್ರಿಮ್‌ಪಾಟನ್ನು ಹೊಂದಿಸಿರುತ್ತೀರಿ. ಎರಡನೆಯದು ಸೇರಿದೊಡನೆ ಇನ್ನೊಂದು ಶೇಕಡಾ ಹೋಗುತ್ತದೆ. ಪ್ರತಿ ಸ್ಥಾಯಿಗೆ 12 ಸೆಂಟ್, ಮೂರು ಸ್ಥಾಯಿಗೆ 36. ತಂತಿಯನ್ನು ಸುಮ್ಮನೆ ಕವಲೊಡೆಸುವ ಬದಲು ಪ್ರತಿ ಕವಲಿಗೂ ಒಂದೊಂದು ಆಪ್-ಆಂಪ್ ಬಫರನ್ನು ಇಟ್ಟು, ಬಫರಿನ ರಕ್ಷಣಾ ರೆಸಿಸ್ಟರನ್ನು ಮರುಪೂರಣದ (ಫೀಡ್‌ಬ್ಯಾಕ್) ಕುಣಿಕೆಯ ಒಳಗೆ ತನ್ನಿರಿ. ಅನಂತರ ಅಳತೆಯನ್ನು ಹೊಸದಾಗಿ ಹೊಂದಿಸಬೇಕು.

ಅಂಟಿಕೊಳ್ಳುವುದಕ್ಕೆ ಕಾರಣ ವಿದ್ಯುತ್ ಪೂರೈಕೆ. ಒಂದು ಆಸಿಲೇಟರಿನ ಗರಗಸ ಹಲ್ಲು ಮುಗಿಯುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಲ್ಲಿ ಸಣ್ಣದೊಂದು ಕುಲುಕು ಏಳುತ್ತದೆ. ಇನ್ನೊಂದು ಆಸಿಲೇಟರು ಆ ಕ್ಷಣದಲ್ಲಿ ಹೆಚ್ಚುಕಡಿಮೆ ತನ್ನ ಹಲ್ಲಿನ ತುದಿಯಲ್ಲೇ ಇದ್ದರೆ, ಆ ಕುಲುಕೇ ಸಾಕಾಗಿ ಅದೂ ಉರುಳುತ್ತದೆ. ಪ್ರತಿ ಐಸಿಯ ಪೂರೈಕೆಯ ಕಾಲಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್, ಪ್ರತಿ ಘಟಕದ ಬಾಗಿಲಲ್ಲಿ 10 ಓಮ್ ಮತ್ತು 10 ಮೈಕ್ರೋಫ್ಯಾರಡ್ ಇಡಿರಿ. ಹೋಲಿಕೆಯ ಮಂಡಲದ ಮಿತಿ ವೋಲ್ಟೇಜನ್ನು 12 ವೋಲ್ಟಿನ ತಂತಿಯಿಂದ ನೇರವಾಗಿ ಭಾಗಿಸಿ ಪಡೆದಿದ್ದರೆ ಅದನ್ನು ಬಿಟ್ಟು, ಪ್ರತ್ಯೇಕ ಆಧಾರ ಐಸಿಯಿಂದ ಪಡೆಯುವುದು ಇನ್ನೂ ಒಳ್ಳೆಯದು.

ಪೂರೈಕೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: 12 ವೋಲ್ಟಿನ ಧನ ಮತ್ತು ಋಣ ರೆಗ್ಯುಲೇಟರುಗಳಾದ 7812 ಮತ್ತು 7912ರ ಕಾಲುಗಳ ಕ್ರಮ ಬೇರೆ ಬೇರೆ, ಮತ್ತು 7912ರ ಲೋಹದ ಬೆನ್ನು ನೆಲಕ್ಕೆ ಸೇರಿದ್ದಲ್ಲ, ಅದರ ಒಳದಾರಿಗೆ ಸೇರಿದ್ದು. ಎರಡನ್ನೂ ಒಂದೇ ಶಾಖಫಲಕಕ್ಕೆ ಅಭ್ರಕದ ಹಾಳೆಯಿಲ್ಲದೆ ತಿರುಪು ಹಾಕಬಾರದು. ಸಂಜೆ ಹೊತ್ತು ಕರೆಂಟು ಇಳಿಯುವ ಊರುಗಳಲ್ಲಿ 12-0-12 ಟ್ರಾನ್ಸ್‌ಫಾರ್ಮರು ಸಾಲದು, 15-0-15 ಇರಲಿ. 230 ವೋಲ್ಟಿನ ಕಡೆಯ ಕೆಲಸವನ್ನು ಅನುಭವಿಗಳೊಬ್ಬರು ಪಕ್ಕದಲ್ಲಿರುವಾಗ ಮಾತ್ರ ಮಾಡಿರಿ.

ಪ್ರಶ್ನೆ: ಇಷ್ಟೆಲ್ಲ ಕಷ್ಟಪಡುವ ಬದಲು 3340 ಐಸಿಯನ್ನೇ ಬಳಸಬಾರದೇ?

ಉತ್ತರ: ಧಾರಾಳವಾಗಿ ಬಳಸಬಹುದು. ಡಗ್ ಕರ್ಟಿಸ್ ಅವರು ರೂಪಿಸಿದ ಸಿಇಎಂ3340ರ ಒಳಗೆ ಘಾತೀಯ ಪರಿವರ್ತಕ, ಉಷ್ಣಾಂಶದ ಪರಿಹಾರ, ತ್ರಿಕೋನ, ಗರಗಸ ಮತ್ತು ಚೌಕ ಅಲೆಗಳು ಎಲ್ಲವೂ ಇವೆ. ಪ್ರಾಫೆಟ್-5ರ ಮೂರನೆಯ ರೂಪ, ರೋಲ್ಯಾಂಡ್ ಎಸ್‌ಎಚ್-101 ಮುಂತಾದ ವಾದ್ಯಗಳ ಒಳಗಿದ್ದುದು ಇದೇ. 2016ರಲ್ಲಿ ಅದರ ತಯಾರಿಕೆ ಮತ್ತೆ ಆರಂಭವಾಯಿತು. ಲಾಟ್ವಿಯಾದಲ್ಲಿ ತಯಾರಾಗುವ ಎಎಸ್3340 ಕೂಡ ಅದೇ ಕೆಲಸವನ್ನು ಮಾಡುತ್ತದೆ. ಅಳತೆ ಮತ್ತು ಮೇಲ್‌ಸ್ಥಾಯಿಯ ಎರಡು ಟ್ರಿಮ್‌ಪಾಟುಗಳನ್ನು ಮೇಲೆ ಹೇಳಿದ ಕ್ರಮದಲ್ಲೇ ಹೊಂದಿಸಬೇಕು. ಋಣ ಪೂರೈಕೆಯ ಕಾಲಿಗೆ ತಯಾರಕರು ಹೇಳಿದ ಬೆಲೆಯ ರೆಸಿಸ್ಟರನ್ನು ಸರಣಿಯಲ್ಲಿ ಹಾಕದೆ 12 ವೋಲ್ಟನ್ನು ನೇರವಾಗಿ ಕೊಟ್ಟರೆ ಐಸಿ ಸುಟ್ಟುಹೋಗುತ್ತದೆ. ನಾಲ್ಕು ಆಸಿಲೇಟರುಗಳ ವಾದ್ಯ ಕಟ್ಟುವವರಿಗೆ ನಾನು 3340ನ್ನೇ ಹೇಳುತ್ತೇನೆ. ಆದರೆ ಮೊದಲನೆಯ ಒಂದನ್ನಾದರೂ ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದವರಿಗೆ, ಐಸಿಯ ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ವೀಣೆ ಕಲಿಸುತ್ತೇನೆ. ಮಗ ಕಟ್ಟಿದ ಆಸಿಲೇಟರಿನಲ್ಲಿ ನಮ್ಮ ಸಂಗೀತದ ಸ್ವರಸ್ಥಾನಗಳನ್ನು ತರಲು ಸಾಧ್ಯವೇ? ಕೀಬೋರ್ಡಿನ ಗಾಂಧಾರವು ನನ್ನ ಕಿವಿಗೆ ಒಪ್ಪುವುದಿಲ್ಲ.

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ, ತಾಯಿ. ಕೀಬೋರ್ಡು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ, ಪ್ರತಿ ಮನೆಗೆ 83.3 ಮಿಲಿವೋಲ್ಟ್ ಕೊಡುತ್ತದೆ. ಆ ಲೆಕ್ಕದಲ್ಲಿ ಅಂತರ ಗಾಂಧಾರವು ಷಡ್ಜದಿಂದ 333.3 ಮಿಲಿವೋಲ್ಟ್ ಮೇಲಿದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ, ಐದಕ್ಕೆ ನಾಲ್ಕರ ಪ್ರಮಾಣದ ಗಾಂಧಾರಕ್ಕೆ ಬೇಕಾದದ್ದು 321.9 ಮಿಲಿವೋಲ್ಟ್, ಕೀಬೋರ್ಡಿನದು ಸುಮಾರು 14 ಸೆಂಟ್ ಎತ್ತರ. ಪಂಚಮದಲ್ಲಿ ವ್ಯತ್ಯಾಸ ಕೇವಲ 2 ಸೆಂಟ್ ಆದುದರಿಂದ ಅದು ನಿಮ್ಮನ್ನು ಅಷ್ಟು ಕಾಡಿರಲಾರದು.

ಆಸಿಲೇಟರಿಗೆ ಮಾತ್ರ ಹನ್ನೆರಡು ಮನೆಗಳ ಹಂಗಿಲ್ಲ. ಅದು ತನಗೆ ಕೊಟ್ಟ ವೋಲ್ಟೇಜನ್ನು ಹಾಗೆಯೇ ಸ್ವರವಾಗಿಸುತ್ತದೆ, ನಡುವಿನ ಯಾವ ಎಡೆಯನ್ನೂ ಬಿಡುವುದಿಲ್ಲ. ಅದಕ್ಕೇ ಗಮಕಕ್ಕೆ ಅದು ಕೀಬೋರ್ಡಿಗಿಂತ ಹೆಚ್ಚು ಹತ್ತಿರ. ಬೆರಳನ್ನು ಜಾರಿಸಿ ವೋಲ್ಟೇಜನ್ನು ಬದಲಿಸುವ ಪಟ್ಟಿಯೊಂದನ್ನು ಮಗನಿಂದ ಮಾಡಿಸಿರಿ. ಆ ಪಟ್ಟಿಯ ಮೇಲೆ ಸಮದೂರವು ಸಮ ಅಂತರವನ್ನು ಕೊಡುವುದರಿಂದ, ವೀಣೆಯಲ್ಲಿ ಮೇಲೇರಿದಂತೆ ಮೆಟ್ಟಿಲುಗಳು ಕಿರಿದಾಗುವ ಅಭ್ಯಾಸವಿರುವ ನಿಮ್ಮ ಕೈಗೆ ಮೊದಮೊದಲು ಹೊಸತೆನಿಸುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಅಲ್ಲಿ ಸ್ಟುಡಿಯೋವನ್ನು ಕಟ್ಟಿಕೊಟ್ಟರು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಕೊಳಲು ನುಡಿಸುವವರೂ ಇಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ಕಚೇರಿಗಳಿಗೆ ತಂದದ್ದು ನಿಮಗೆ ತಿಳಿದೇ ಇದೆ. ಮಗನ ಆಸಿಲೇಟರಿನ ಶ್ರುತಿಯನ್ನು ಮೀಟರಿನಿಂದ ಹೊಂದಿಸುವ ಮೊದಲು ನಿಮ್ಮ ತಂಬೂರಿಯನ್ನು ಪಕ್ಕದಲ್ಲಿ ಮೀಟಿ, ಷಡ್ಜಕ್ಕೆ ಸೇರಿಸಲು ಹೇಳಿರಿ; ಒಂದು ವೋಲ್ಟ್ ಏರಿಸಿ ತಾರ ಷಡ್ಜವು ತೂಗಿಲ್ಲದೆ ಕೂಡಿತೇ ಎಂಬುದನ್ನು ನೀವೇ ಕೇಳಿ ತಿಳಿಸಿರಿ.